ಗೇಟ್ ನಂಬರ್ 71ರಲ್ಲಿ ನಿಲ್ಲುತ್ತಿದ್ದ ಗಾಡಿ

ಜುಲೈ 18, ಗುರುವಾರ, ಸಂಜೆ 7 ಗಂಟೆ 10 ನಿಮಿಷಕ್ಕೆ ಪ್ಯಾಸೆಂಜರ್ ಗಾಡಿಯ ಗಾರ್ಡ್ ಸಂತೋಷಕುಮಾರ ರೈಲ್ವೆ ಪೊಲೀಸ್ ಠಾಣೆಗೆ ಬಂದು ಲಿಖಿತ ದೂರು ಕೊಟ್ಟ. ಬರೆಯುವಾಗ ಎರಡು ಹಾಳೆ ಕೆಟ್ಟು ಮೂರನೆಯದು ಉಳಿಯಿತು. ದೂರಿನ ಸಾರಾಂಶ ಇಷ್ಟು: ಕಲಬುರಗಿಯಿಂದ ಹೊರಟ ಪ್ಯಾಸೆಂಜರ್ ಅಫಜಲಪುರ ತಾಲ್ಲೂಕಿನ ಬೋರಿಹಾಳದ ಬಳಿ, ಗೇಟ್ ನಂಬರ್ 71ರ ಕೆಂಪು ಸಿಗ್ನಲ್ ಮುಂದೆ ನಿಂತಿತ್ತು. 5 ಗಂಟೆ 52 ನಿಮಿಷಕ್ಕೆ ಅದೇ ಹಳಿಯ ಮೇಲೆ ಹಿಂದಿನಿಂದ ಬಂದ ಒಂಟಿ ಎಂಜಿನ್ ಕೊನೆಯ ಬೋಗಿಗೆ ಡಿಕ್ಕಿ ಹೊಡೆಯಿತು. ಒಂಬತ್ತು ಜನರಿಗೆ ಗಾಯ. ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆಂದು ಹೊರಟಿದ್ದ ಜೇವರ್ಗಿ ಕಡೆಯ ಹಣಮವ್ವ ಎಂಬ ಮುದುಕಿ ಬಾಗಿಲಿನಿಂದ ಕೆಳಗೆ ಬಿದ್ದು ಸ್ಥಳದಲ್ಲೇ ತೀರಿಕೊಂಡಿದ್ದಳು.

ಇನ್‌ಸ್ಪೆಕ್ಟರ್ ಪಂಚಶೀಲಾ ಎಫ್‌ಐಆರ್ ದಾಖಲಿಸಿದಳು. ಆರೋಪಿಯ ಜಾಗದಲ್ಲಿ ಎಂಜಿನ್ ಚಾಲಕ ಅರ್ಫಾತನ ಹೆಸರು, ವಯಸ್ಸು ಮೂವತ್ತೊಂದು. ಆ ಹೊತ್ತಿಗಾಗಲೇ ಟಿವಿಯವರು ಅವನ ವಿಚಾರಣೆ ನಡೆಸಿ ತೀರ್ಪನ್ನೂ ಕೊಟ್ಟು ಮುಗಿಸಿದ್ದರು: ಸಿಗ್ನಲ್ ಮುರಿದ, ನಿದ್ದೆ ಹೋಗಿದ್ದ. ಇಲಾಖೆ ಅವನನ್ನು ಅಮಾನತು ಮಾಡಿತು. ಜೈಲು ಒಂದು ಸಹಿಯ ದೂರದಲ್ಲಿತ್ತು.

ಅರ್ಫಾತ ಅಳಲಿಲ್ಲ, ಕೂಗಾಡಲಿಲ್ಲ. ಈ ಮಾರ್ಗದ ಸಿಗ್ನಲ್‌ಗಳು ಕೆಂಪಿದ್ದರೆ ಒಂದು ನಿಮಿಷ ನಿಂತು, ಆಮೇಲೆ ನಿಧಾನವಾಗಿ ಮುಂದೆ ಹೋಗಬಹುದೆಂಬ ನಿಯಮವಿದೆ. ತಾನು ಹಾಗೇ ಮಾಡಿದೆ ಎಂದ. ತಿರುವು, ಎರಡೂ ಕಡೆ ಜಾಲಿ ಗಿಡಗಳು. ಕೊನೆಯ ಬೋಗಿ ಕಂಡಾಗ ಬ್ರೇಕ್ ಹಾಕಿದ, ಸಾಲಲಿಲ್ಲ.

“ನನ್ನ ತಪ್ಪು ಎಷ್ಟದ ಅಷ್ಟು ಬರ್ಕೊಳ್ರಿ ಮೇಡಂ,” ಎಂದ. “ಖರೆ ಆ ಗಾಡಿ ಅಲ್ಲಿ ಯಾಕ ನಿಂತಿತ್ತು ಅಂತ ಒಬ್ಬರೂ ಕೇಳವಲ್ರು.”

ಮರುದಿನ ಬಂದ ಎಂಜಿನ್ನಿನ ವೇಗದ ದಾಖಲೆ ಅವನ ಮಾತಿಗೆ ಸರಿಯಾಗಿತ್ತು. ಸಿಗ್ನಲ್ ಬಳಿ ಒಂದು ನಿಮಿಷ ಹತ್ತು ಸೆಕೆಂಡು ನಿಂತಿದ್ದ. ಡಿಕ್ಕಿಯಾದಾಗ ವೇಗ ಗಂಟೆಗೆ ಹದಿನಾಲ್ಕು ಕಿಲೋಮೀಟರ್.

ಜುಲೈ 19ರ ಬೆಳಿಗ್ಗೆ 11ಕ್ಕೆ ಸ್ಥಳ ಪಂಚನಾಮೆ. ಗೇಟ್ ನಂಬರ್ 71 ಇರುವುದು ಊರಿಂದ ಮೂರು ಮೈಲಿ ಆಚೆ, ಕರಿ ಮಣ್ಣಿನ ಹೊಲಗಳ ನಡುವೆ. ಒಂದು ಕೋಣೆ, ಒಂದು ಫೋನು, ಒಂದು ಬೇವಿನ ಮರ. ಅಲ್ಲಿ ಅರ್ಧ ತಾಸು ನಿಂತರೆ ಸಾಕು, ಯಾರಾದರೂ ಬಂದು ಮಾತಾಡಿಸಲಿ ಅನಿಸುತ್ತದೆ. ಅಂಥಲ್ಲಿ ಗೇಟ್‌ಮ್ಯಾನ್ ದೌಲತರಾಯ ಹನ್ನೊಂದು ವರ್ಷ ಕಳೆದಿದ್ದ. ಆಳಂದ ತಾಲ್ಲೂಕಿನ ಸರಸಂಬಾದವನು, ಐವತ್ತನಾಲ್ಕರ ಪ್ರಾಯ. ಕೇಳಿದ್ದಕ್ಕೆ ಹೌದ್ರಿ, ಇಲ್ರಿ ಅಂದ. ಗೇಟ್ ಬಿದ್ದು ಕೀಲಿ ಆಗುವವರೆಗೆ ಸಿಗ್ನಲ್ ಕೆಂಪೇ ಇರುತ್ತದೆ ಎಂದು ತೋರಿಸಿದ. ರಿಜಿಸ್ಟರ್‌ನಲ್ಲಿ ಅವನ ಅಕ್ಷರದಲ್ಲೇ ಕಾರಣವಿತ್ತು: ಕಬ್ಬಿನ ಟ್ರ್ಯಾಕ್ಟರ್ ಹಳಿ ಮೇಲೆ ನಿಂತಿದ್ದರಿಂದ ಗೇಟ್ ಹಾಕಲು ತಡ.

ಪಂಚಶೀಲಾ ಕಲಬುರಗಿ ಪೇಟೆಯಲ್ಲಿ ಬೆಳೆದವಳು. ಕಾರಣ ಓದಿ ತಲೆಯಾಡಿಸಿ ಜೀಪು ಹತ್ತಿದಳು. ಪಂಚನಾಮೆ ಬರೆದ ಹೆಡ್ ಕಾನ್‌ಸ್ಟೇಬಲ್ ಚಾಂದಪಾಶಾ ಮಾತ್ರ ಅಫಜಲಪುರದ ಕಬ್ಬಿನ ಹೊಲದಿಂದ ಬಂದವನು. ಎರಡು ಮೈಲಿ ಹೋದ ಮೇಲೆ ಬಾಯಿ ಬಿಟ್ಟ.

“ಮೇಡಂ, ಜುಲೈದಾಗ ಕಬ್ಬು ಎಲ್ಲಿಂದ ಬಂತ್ರಿ? ಫ್ಯಾಕ್ಟರಿ ಬಂದ್ ಆಗಿ ನಾಕು ತಿಂಗಳಾತು.”

ಜೀಪು ತಿರುಗಿತು. ರಿಜಿಸ್ಟರ್ ಜಪ್ತಿಯಾಯಿತು. ಠಾಣೆಯಲ್ಲಿ ಇಬ್ಬರೂ ಕೂತು ಪುಟ ಪುಟ ನೋಡಿದರು. ಜನವರಿ 9ರಂದು ಮೊದಲ ಸಲ ಕಬ್ಬಿನ ಟ್ರ್ಯಾಕ್ಟರ್. ಆಮೇಲೆ ದೌಲತರಾಯನ ಪಾಳಿ ಇದ್ದ ಸಂಜೆಗಳಲ್ಲೆಲ್ಲ ಅದೇ ಪ್ಯಾಸೆಂಜರ್, ಅದೇ ಎರಡು ಮೂರು ನಿಮಿಷ, ಅದೇ ಟ್ರ್ಯಾಕ್ಟರ್. ಇನ್ನೊಬ್ಬ ಗೇಟ್‌ಮ್ಯಾನ್ ಹಫೀಜನ ಪಾಳಿಯಲ್ಲಿ ಆ ಗಾಡಿ ಒಮ್ಮೆಯೂ ನಿಂತಿಲ್ಲ. ತಿಂಗಳಿಗೊಮ್ಮೆ ತಪಾಸಣೆಗೆ ಬಂದ ಸಾಹೇಬರು ಪ್ರತಿ ಪುಟದ ಕೆಳಗೂ ಹಸಿರು ಮಸಿಯಲ್ಲಿ ಸಹಿ ಹಾಕಿದ್ದರು. ಏಪ್ರಿಲ್ಲಿನ ಸುಡು ಬಿಸಿಲಲ್ಲಿ ಯಾರ ಹೊಲದ ಕಬ್ಬು ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಸುರಕ್ಷತೆ ಅಂದರೆ ನಮ್ಮಲ್ಲಿ ಬಹಳ ಸಲ ಸಹಿಯೇ.

ಆಡು ಮೇಯಿಸುವ ಸಲಾವುದ್ದೀನ ಹೇಳಿಕೆ ಕೊಟ್ಟ. ಗುರುವಾರ ರಸ್ತೆಯ ಮೇಲೆ ಒಂದು ಸೈಕಲ್ಲೂ ಇರಲಿಲ್ಲ. ದೌಲತರಾಯ ಗೇಟಿನ ಹಿಡಿಕೆ ಹಿಡಿದು ಗಾಡಿ ಬರುವ ಕಡೆ ನೋಡುತ್ತ ನಿಂತಿದ್ದ. ಗಾಡಿ ನಿಂತ ಮೇಲೆಯೇ ಸಾವಕಾಶ ಗೇಟ್ ಇಳಿಸುವುದು ಅವನ ರೂಢಿ.

ಯಾಕೆ? ಲಂಚದ ಸುಳಿವಿಲ್ಲ, ಹಗೆ ಇಲ್ಲ, ಕುಡಿತವಿಲ್ಲ. ಸೇವಾ ಪುಸ್ತಕದಲ್ಲಿ ಎರಡು ಹೆಸರು ಸಿಕ್ಕವು: ಹೆಂಡತಿ ಹೀರಾಬಾಯಿ, ಮಗಳು ಭಾಗ್ಯಜ್ಯೋತಿ. ಗೇಟಿನ ಕೋಣೆಯಲ್ಲಿ ಬದುಕಲಾರೆ ಎಂದು ಹೀರಾಬಾಯಿ ಹನ್ನೊಂದು ವರ್ಷದ ಹಿಂದೆಯೇ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಆ ಊರು ಗೇಟಿನಿಂದ ಎರಡು ಸ್ಟೇಷನ್ ಮುಂದೆ.

ಜುಲೈ 21ರಂದು ಪಂಚಶೀಲಾ ಅಲ್ಲಿಗೆ ಹೋದಳು. ಮಗಳು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು, ದಿನಾ ಸಂಜೆ ಅದೇ ಪ್ಯಾಸೆಂಜರಿಗೆ ಬರುತ್ತಿದ್ದಳು ಎಂದು ಹೀರಾಬಾಯಿ ಹೇಳಿದಳು. ಮಗಳು ಮೇ ತಿಂಗಳಲ್ಲಿ ಮದುವೆಯಾಗಿ ಸೊಲ್ಲಾಪುರಕ್ಕೆ ಹೋದಳು. ತನ್ನ ಗಂಡ ಈಗಲೂ ಅದೇ ಗೇಟಿನಲ್ಲಿದ್ದಾನೆಂದು ಹೀರಾಬಾಯಿಗೆ ಗೊತ್ತಿರಲಿಲ್ಲ; ವರ್ಗವಾಗಿ ಎಲ್ಲೋ ದೂರ ಹೋಗಿರಬೇಕೆಂದು ತಿಳಿದಿದ್ದಳು. ಮಗಳ ಮದುವೆಗೆ ಅವನನ್ನು ಕರೆದಿರಲಿಲ್ಲ. ವಾಪಸು ಬರುವಾಗ ಪಂಚಶೀಲಾಳಿಗೆ ದೌಲತರಾಯನ ಮೇಲೆ ಮರುಕವೂ ಬಂತು, ಸಿಟ್ಟೂ ಬಂತು. ಹಣಮವ್ವನ ಹೆಣದ ಪಂಚನಾಮೆಗೆ ಸಹಿ ಹಾಕಿದವಳು ಅವಳೇ.

ಜುಲೈ 22, ಮಧ್ಯಾಹ್ನ 2 ಗಂಟೆ. ದೌಲತರಾಯ ಹಫೀಜನಿಗೆ ಚಾರ್ಜ್ ಒಪ್ಪಿಸಿ ಬೇವಿನ ಕೆಳಗೆ ಕೂತಿದ್ದ. ಜೀಪು ಕಂಡು ಎದ್ದು ನಿಂತ. ಅವಳು ಕೇಳುವ ಮೊದಲೇ ಅವನು ಕೇಳಿದ:

“ಮೇಡಂ, ಹಿಂದಿನ ಡಬ್ಬಿಯಾಗ ಗಾಯ ಆದವರೊಳಗ ಭಾಗ್ಯಜ್ಯೋತಿ ಅಂತ ಯಾರರ ಅದಾರೇನ್ರಿ?”

ನಾಲ್ಕು ದಿನ ಈ ಒಂದು ಪ್ರಶ್ನೆಯನ್ನು ನುಂಗಿಕೊಂಡಿದ್ದ. ಕೇಳಿದರೆ ಸಿಕ್ಕಿಬೀಳುತ್ತಿದ್ದ.

“ಇಲ್ಲ. ಆಕಿ ಎರಡು ತಿಂಗಳಿಂದ ಆ ಗಾಡಿಯಾಗ ಬರಂಗಿಲ್ಲ. ಲಗ್ನ ಆಗ್ಯದ.”

ಅವನು ಹಣೆಗೆ ಕೈ ಮುಟ್ಟಿಸಿ ಬಸವಣ್ಣನನ್ನು ನೆನೆದ. ಆಮೇಲೆ ಹೇಳಿದ. ಜನವರಿ 9ರಂದು ನಿಜವಾಗಿಯೂ ಟ್ರ್ಯಾಕ್ಟರ್ ಸಿಕ್ಕಿಬಿದ್ದಿತ್ತು. ನಿಂತ ಗಾಡಿ ಮತ್ತೆ ಹೊರಟಾಗ ಕಿಟಕಿಯಲ್ಲಿ ಹೀರಾಬಾಯಿಯದೇ ಮುಖದ ಹುಡುಗಿಯೊಬ್ಬಳು ಕಂಡಳು.

“ಗಾಡಿ ಜೋರು ಹೋದ್ರ ಮಾರಿ ಕಾಣಂಗಿಲ್ರಿ. ನಿಂತು ಹೊಂಟ್ರ ಸಾವಕಾಶ ಹೋಗ್ತದ. ಒಂದೀಟು ಕಾಣತದ.”

“ಮೇ ಆದಮ್ಯಾಲ ಆಕಿ ಕಂಡಿಲ್ಲ. ಮತ್ಯಾಕ ನಿಲ್ಲಿಸಿದ್ರಿ?”

“ಇವತ್ತರ ಬಂದಾಳು ಅಂತ್ರಿ.”

ಅವನನ್ನು ದಸ್ತಗಿರಿ ಮಾಡಲಾಯಿತು. ಬೇಕೆಂದೇ ಗಾಡಿ ತಡೆದು ಪ್ರಯಾಣಿಕರ ಜೀವಕ್ಕೆ ಅಪಾಯ ತಂದದ್ದು ಎಂದು ಆರೋಪ. ಅರ್ಫಾತನ ಮೇಲೆ ಉಳಿದದ್ದು ಇಲಾಖೆಯ ವಿಚಾರಣೆ ಮಾತ್ರ.

ಬಂಧನದ ಪತ್ರದಲ್ಲಿ ಒಂದು ಕಾಲಂ ಇದೆ: ಬಂಧನದ ವಿಷಯ ಯಾರಿಗೆ ತಿಳಿಸಬೇಕು. ಸಂಬಂಧಿಕರು ಅಥವಾ ಸ್ನೇಹಿತರ ಹೆಸರು ಬೇಕೆಂದು ಚಾಂದಪಾಶಾ ವಿವರಿಸಿದ. ಮಗಳಿಗೆ ಬೇಡ, ಹೆಂಡತಿಗೂ ಬೇಡ ಎಂದ ದೌಲತರಾಯ. ಬೇರೆ ಯಾರಿದ್ದಾರೆ ಎಂದು ಚಾಂದಪಾಶಾ ಕೇಳಿದ.

“ಆ ಎಂಜಿನ್ ಹುಡುಗಗ ತಿಳಿಸ್ರಿ,” ಎಂದ ದೌಲತರಾಯ. “ಮನ್ಯಾಗ ಅವರವ್ವ ಅಳಾಕತ್ತಿರಬೇಕು.”

ಚಾಂದಪಾಶಾ ಅರ್ಫಾತನ ಹೆಸರು ಬರೆದ. ಪಕ್ಕದಲ್ಲಿ ಸಂಬಂಧ ಏನೆಂದು ಬರೆಯಬೇಕಿತ್ತು. ಅವನು ಪಂಚಶೀಲಾಳ ಮುಖ ನೋಡಿದ. ಅವಳು ಖಾಲಿ ಬಿಡು ಎಂದಳು.