ಮೂರು ಬಡಿತ

ನಾನು ಮೊಳಕಾಲ್ಮೂರಿನ ನೇಕಾರ. ಅವ್ವ ಸೂರಮ್ಮ ಬರೆದ ಸೀರೆ ಅಂಚಿನ ಚಿತ್ರಗಳೆಲ್ಲ ಒಂದೇ ಹಾರ್ಡ್ ಡಿಸ್ಕಿನಲ್ಲಿದ್ದವು. ಇನ್ನೊಂದು ಪ್ರತಿ ಇಟ್ಟಿರಲಿಲ್ಲ, ನನ್ನ ದಡ್ಡತನ. ಅವ್ವ ಸತ್ತ ತಿಂಗಳಿಗೆ ಡಿಸ್ಕು ಕೆಡತೊಡಗಿತು.

ಮಟಮಟ ಮಧ್ಯಾಹ್ನ ಲ್ಯಾಪ್‌ಟಾಪಿಗೆ ಕಾಪಿ ಮಾಡಲು ಕೂತೆ. ಅರ್ಧಕ್ಕೇ ನಿಂತಿತು. ಡಿಸ್ಕಿನೊಳಗಿಂದ ಟಕ್, ಟಕ್, ಟಕ್. ಮತ್ತೆ ಮೂರು. ಎಳೆ ಕಡಿದಾಗ ಅವ್ವ ಮಗ್ಗಕ್ಕೆ ಹೀಗೇ ಮೂರು ಸಲ ಬಡಿದು ನನ್ನನ್ನು ಕರೀತಿದ್ಲು.

"ಕಿತ್ತಾಕ್ರಿ, ಸುಟ್ಟು ಹೋಗ್ತೈತೆ!" ಎಂದಳು ಹೆಂಡತಿ ಕಾಂಚನಾ.

ಲ್ಯಾಪ್‌ಟಾಪಿನಿಂದ ಕೇಬಲ್ ಕಿತ್ತೆ. ಅಂಗೈಯಲ್ಲಿ ಡಿಸ್ಕು ಮಂಜುಗಡ್ಡೆಯ ಹಾಗಿತ್ತು. ಟಕ್, ಟಕ್, ಟಕ್.

"ಬಂದೆ ಅವ್ವ," ಅಂದುಬಿಟ್ಟೆ, ಅಭ್ಯಾಸಬಲ.

ಸದ್ದು ನಿಂತಿತು. ಕಾಂಚನಾ ಲ್ಯಾಪ್‌ಟಾಪಿನ ಪರದೆಯತ್ತ ಕೈ ತೋರಿಸಿದಳು. ಕೇಬಲ್ಲು ನನ್ನ ಕೈಯಲ್ಲೇ ಇತ್ತು. ಪರದೆಯಲ್ಲಿ ಕಾಪಿ ಮುಂದುವರಿಯುತ್ತಿತ್ತು.