ಅರ್ಧ ಬಡಿದ ಮೊಳೆ

"ಆ ಮೊಳೆ ತಂಟೆಗೆ ಮಾತ್ರ ಹೋಗ್ಬೇಡಿ," ಅಂದಳು ಮನೆ ಮಾರಿದ ಅಜ್ಜಿ, ಬೀಗದ ಕೈ ಕೊಡುತ್ತಾ. ಮುಂಬಾಗಿಲ ಚೌಕಟ್ಟಿನ ಒಳಮಗ್ಗುಲಲ್ಲಿ, ಕಪ್ಪು ದಾರ ಸುತ್ತಿದ ಮೊಳೆಯೊಂದು ಅರ್ಧ ಒಳಗೆ, ಅರ್ಧ ಹೊರಗೆ ನಿಂತಿತ್ತು. "ಮಾಟಗಾರನ ಕೈಲಿ ಹೊಡೆಸಿದ್ದು. ಕಳ್ಳರ ಕಣ್ಣಿಗೆ ಈ ಮನೆ ಬೀಳಲ್ಲ. ಆದ್ರೆ ಪೂರ್ತಿ ಇಳಿದ್ರೆ ಯಾರ ಕಣ್ಣಿಗೂ ಬೀಳಲ್ಲ."

ಬೀಗದವನು ನಕ್ಕುಬಿಟ್ಟ. ಇಪ್ಪತ್ತು ವರ್ಷ ಕಂಡವರ ಬಾಗಿಲಿಗೆಲ್ಲ ಬೀಗ ಕೂರಿಸಿ, ಈಗ ತನ್ನದೂ ಅಂತ ಒಂದು ಮನೆ ಕೊಂಡವನು ಅವನು. "ಮೊಳೆ ಕಂಡು ಓಡೋ ಕಳ್ಳನ್ನ ನಾನಿನ್ನೂ ನೋಡಿಲ್ಲ ಅಜ್ಜಿ!"

ಅಜ್ಜಿ ತಿರುಗಿಯೂ ನೋಡದೆ ಹೊರಟುಹೋದಳು.

ಮರುದಿನ ಬೆಳಗ್ಗೆಯೇ ಕೆಲಸಕ್ಕಿಳಿದ. ಕಿಟಕಿಗಳಿಗೆ ಹೆಬ್ಬೆರಳು ದಪ್ಪದ ಸರಳು. ಹಿಂಬಾಗಿಲಿಗೆ ಕಬ್ಬಿಣದ ಪಟ್ಟಿ. ಗೋಡೆಗೆ ಒರಗಿದ್ದ ಮರವನ್ನೂ ಬಿಡಲಿಲ್ಲ, ಕಳ್ಳನಿಗೆ ಅದೇ ಏಣಿಯಾಗುತ್ತದೆಂದು ಕಡಿದು ಹಾಕಿದ. ಮಧ್ಯಾಹ್ನ ಹೆಂಡತಿ ಮಗಳನ್ನು ಶಾಲೆಯಿಂದ ಕರೆತರಲು ಹೋದಳು. ಅವನು ಮುಂಬಾಗಿಲಿನ ಮೂರು ಹೊಸ ಬೀಗಗಳನ್ನು ಒಳಗಿನಿಂದ ಹಾಕಿ ನೋಡಿದ. ಮೂರೂ ಸಲೀಸಾಗಿ ಕೂತವು. ಇನ್ನು ಉಳಿದದ್ದು ಆ ದರಿದ್ರ ಮೊಳೆ. ಅರೆಬರೆ ಬಡಿದ ಮೊಳೆ ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ, ಕಸುಬಿನ ಚಾಳಿ. ಸುತ್ತಿಗೆ ಎತ್ತಿ ಎರಡೇ ಏಟಿಗೆ ಮರದ ಮಟ್ಟಕ್ಕೆ ಇಳಿಸಿದ.

ಸುಟ್ಟ ಕೂದಲಿನ ವಾಸನೆ ಮೂಗಿಗೆ ಅಡರಿತು. ನಡುಹಗಲಲ್ಲೇ ಕೋಣೆ ಮಂಕಾಯಿತು. ಬೀಗಕ್ಕೆ ಕೈ ಹಾಕಿ ತಿರುಗಿಸಿದ. ತಿರುಗಲಿಲ್ಲ. ಎರಡನೆಯದೂ ಇಲ್ಲ. ಮೂರನೆಯದೂ ಇಲ್ಲ. ಹಿಂಬಾಗಿಲಿಗೆ ಓಡಿದ, ಅದೂ ಜಗ್ಗಲಿಲ್ಲ. ಇಕ್ಕಳ ತಂದು ಮೊಳೆ ಕೀಳಲು ನೋಡಿದ. ಗಾಯ ಮಾಯ್ದಂತೆ ಮರ ಅದರ ಮೇಲೆ ಕೂಡಿಕೊಂಡಿತ್ತು.

ಹೊರಗೆ ಮಗಳ ದನಿ ಕೇಳಿಸಿತು. ಅವನು ಕಿಟಕಿಗೆ ಓಡಿದ.

"ಅಮ್ಮಾ, ಮನೆ ಎಲ್ಲಿ?"

"ಇಲ್ಲೇ ಇತ್ತಲ್ಲೇ... ಅಯ್ಯೋ, ಇಲ್ಲೇ ಇತ್ತಲ್ಲ!" ಬೀಗದ ಕೈಗೊಂಚಲು ಹಿಡಿದ ಹೆಂಡತಿ ಕಿಟಕಿಯ ಪಕ್ಕದಲ್ಲೇ ನಿಂತು ಸುತ್ತಲೂ ಹುಡುಕಿದಳು.

"ಇಲ್ಲಿದೀನಿ ಕಣೇ! ಪುಟ್ಟೀ, ಇಲ್ಲಿ ನೋಡು!" ಸರಳಿನ ಸಂದಿಯಿಂದ ತೋಳು ಚಾಚಿ ಹೆಂಡತಿಯ ಭುಜ ಮುಟ್ಟಿದ. ಅವಳು ಸೊಳ್ಳೆ ಕೂತ ಹಾಗೆ ಕೊಡವಿಕೊಂಡಳು. ಕೈಗೊಂಚಲನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅವಳ ಮುಖದಲ್ಲಿದ್ದ ಗಾಬರಿ ನಿಧಾನವಾಗಿ ಆರಿಹೋಯಿತು. ಅದನ್ನು ನೋಡಿ ಅವನ ಎದೆ ಒಡೆಯಿತು.

"ಯಾರದೋ ಏನೋ," ಎಂದು ಅದನ್ನು ಚರಂಡಿಗೆ ಎಸೆದಳು. "ನಡಿಯೇ, ಹೊತ್ತಾಯ್ತು."

ಮಗಳೊಬ್ಬಳೇ ತಿರುವಿನವರೆಗೂ ಹಿಂದಿರುಗಿ ನೋಡುತ್ತಾ ಹೋದಳು.

ಮೂರನೆಯ ದಿನ ಒಬ್ಬ ಬಂದ. ಮನೆಗಿಂತ ಮೊದಲು ಬೀಗ ನೋಡುವ ಆ ಕಣ್ಣು ಬೀಗದವನಿಗೆ ಗೊತ್ತಿತ್ತು. ಕಳ್ಳ!

"ಅಣ್ಣಾ! ಬಾರಣ್ಣಾ!" ಒಣಗಿದ ಗಂಟಲಲ್ಲಿ ಕಿರುಚಿದ. "ಒಡಿ! ಏನ್ ಬೇಕಾದ್ರೂ ತಗೊಂಡ್ಹೋಗು! ಬಾಗಿಲೊಂದು ಒಡಿ!"

ಕಳ್ಳ ಅತ್ತಿತ್ತ ನೋಡಿದ. ಕಿಟಕಿಯ ಮುಂದೆಯೇ ಹಾದುಹೋಗಿ, ಪಕ್ಕದ ಮನೆಯ ಬೀಗಕ್ಕೆ ಕೈ ಹಾಕಿದ.