ಗೆಣ್ಣಿಗೆ ತಾಗದ ಗೋಡೆ

ನನ್ನ ಕಿವಿ ಎಂಥದು ಅಂದರೆ, ಪಕ್ಕದ ಬೀದಿಯಲ್ಲಿ ಇರುವೆ ಕುಂಟಿದರೂ ಯಾವ ಕಾಲು ನೋಯುತ್ತಿದೆ ಅಂತ ಹೇಳಬಲ್ಲೆ. ಎದುರಿಗಿರುವವರ ಯೋಚನೆಯೂ ಕೇಳಿಸುತ್ತದೆ. ಹಾಗಾಗಿ ನಮ್ಮ ಸ್ಟುಡಿಯೋದ ಗಾಜಿನಾಚೆ ಕೂತಿದ್ದ ಪಿಟೀಲಿನವಳ ಮನಸ್ಸಿನಲ್ಲಿ ಆ ದಿನ ಏನಿತ್ತು ಅಂತ ನಾನು ಹೇಳಿದರೆ ನೀವು ನಂಬಲೇಬೇಕು.

"ಈ ಸಲ ಹೇಗಿತ್ತು?" ಅಂದಳು.

"ಹೊಂದ್ತಿಲ್ಲ. ಮೊದಲರ್ಧ ತುಂಬಿಕೊಂಡಿದೆ, ಇದು ತೆಳ್ಳಗೆ ಕೇಳ್ತಿದೆ. ಇನ್ನೊಂದ್ಸಲ?"

ಅವಳು ತಲೆ ತಗ್ಗಿಸಿದಳು.

ಹಾಡಿನ ಮೊದಲರ್ಧ ರೆಕಾರ್ಡ್ ಆದದ್ದು ಅವಳು ಮೆಟ್ಟಿಲಿಂದ ಬಿದ್ದು ಬಲ ಮಣಿಕಟ್ಟು ಮುರಿದುಕೊಳ್ಳುವ ಮುಂಚೆ. ಪಟ್ಟಿ ಬಿಚ್ಚಿಸಿಕೊಂಡು ಬಂದು ಈಗ ಉಳಿದರ್ಧ ನುಡಿಸುತ್ತಿದ್ದಳು. ಎರಡೂ ಒಂದೇ ಕೈಯ ನಾದ ಅನ್ನಿಸಬೇಕು. ಇಲ್ಲದಿದ್ದರೆ ಪಿಟೀಲು ಮುಟ್ಟುವುದೇ ಇಲ್ಲ ಅಂತ ತೀರ್ಮಾನಿಸಿಕೊಂಡಿದ್ದಳು.

ತಂತಿ ಹಳೆಯ ಬಗೆಯದೇ. ಮೈಕ್ ಅದೇ. ಮೈಕಿಗೂ ಪಿಟೀಲಿಗೂ ನಡುವಿನ ಅಂತರವನ್ನು ಗೇಣು ಹಾಕಿ ಅಳೆದೆ, ಅದೂ ಅಷ್ಟೇ.

'ಎಲ್ಲಾ ಹಾಗೇ ಇದೆ. ಬದಲಾಗಿರೋದು ನನ್ನ ಕೈ ಮಾತ್ರ…' ಅಂದುಕೊಂಡಳು.

ಹೊರಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದಳು. "ಮುಗೀತು ಕಣೇ. ಡಾಕ್ಟರು ಮೂಳೆ ಕೂಡಿಸಿದ್ರು, ಅಷ್ಟೇ."

"ಗಾಜಿನ ಹಿಂದಿರೋ ನಿನ್ನ ಮಹಾಶಯ ಏನಂತಾನೆ?"

"ತೆಳ್ಳಗಿದೆ ಅಂತಾರೆ. ಬೇರೆ ಯಾರು ಬೇಕಾದ್ರೂ ಅನ್ಲಿ, ಅಕ್ಕಾ… ಅವರು ಅನ್ನಬಾರದಿತ್ತು."

ಒಳಗೆ ಬಂದಳು. ಪಿಟೀಲನ್ನು ಪೆಟ್ಟಿಗೆಯಲ್ಲಿ ಇಡುವ ಮುನ್ನ, ಕೂತು ಕೊನೆಯದಾಗಿ ಕಮಾನನ್ನು ಉದ್ದಕ್ಕೆ ಎಳೆದಳು. ಎಳೆದ ಕೈ ಹಾಗೇ ನಿಂತಿತು.

"ಮುಂಚೆ ಇಷ್ಟೆಳೆದ್ರೆ ಗೆಣ್ಣು ಗೋಡೆಗೆ ತಾಗಿ ತರಚ್ತಿತ್ತು. ಈಗ ಯಾಕೆ ತಾಗ್ತಿಲ್ಲ?"

ನಾನು ಅವಳ ಕುರ್ಚಿಯ ಕಡೆ ನೋಡಿದೆ.

"ಕುರ್ಚಿ… ಸ್ವಲ್ಪ ಈಚೆಗೆ ಹಾಕಿದ್ದೆ. ಮೈಕನ್ನೂ ಜೊತೆಗೇ."

"ಯಾಕೆ?"

"ಅಲ್ಲಿ ಕೂತ್ರೆ ಕಂಬ ಅಡ್ಡ ಬರುತ್ತೆ. ನಿಮ್ಮ ಮುಖ ಕಾಣಲ್ಲ. ಎಷ್ಟೋ ದಿನ ಆಗಿತ್ತಲ್ಲ ನೋಡಿ… ಆ ಮರದ ಗೋಡೆ ಪಕ್ಕ ಇದ್ದಿದ್ದಕ್ಕೇ ಅಷ್ಟು ತುಂಬು ನಾದ ಅಂತ ಹೊಳೀಲೇ ಇಲ್ಲ."

"ನನ್ನ ಕೈ ಸತ್ತೇ ಹೋಯ್ತು ಅಂತ ಬೆಳಿಗ್ಗೆಯಿಂದ ಸಂಕಟ ಪಡ್ತಿದ್ದೀನಿ ನಾನು."

ಅವಳೇ ಕುರ್ಚಿಯನ್ನು ಗೋಡೆಯ ಬದಿಗೆ ಎಳೆದುಕೊಂಡು ಕಂಬದ ಹಿಂದೆ ಮರೆಯಾದಳು. ಮೈಕನ್ನು ಅಲ್ಲಿಗೇ ಇಟ್ಟು ಬಂದೆ. ನುಡಿಸಿದಳು. ಎರಡು ಅರ್ಧಗಳು ಎಲ್ಲಿ ಸೇರಿದವು ಅಂತ ನನಗೇ ತಿಳಿಯಲಿಲ್ಲ. ಕೇಳುತ್ತಾ ಕಣ್ಣು ಒರೆಸಿಕೊಂಡೆ.

"ಇರುವೆ ಕುಂಟಿದ್ರೂ ಕೇಳುತ್ತೆ ಅಂತಿದ್ರಿ?" ಕಂಬದ ಹಿಂದಿನಿಂದ ದನಿ ಬಂತು.

"ಬುರುಡೆ. ಕಣ್ಣು ನಿಮ್ಮ ಕಡೆ ಇದ್ರೆ ಕಿವಿಗೆ ಏನೂ ಕೇಳಲ್ಲ."

"ಮನಸ್ಸಿನ ಮಾತು?"

"ಅದೂ ಕೇಳಲ್ಲ. ನೀವೇ ಹೇಳ್ಬೇಕು."

"ಕುರ್ಚಿ ಇಲ್ಲೇ ಇರ್ಲಿ. ನುಡಿಸಿ ಆದ್ಮೇಲೆ ನಾನೇ ಈಚೆ ಬರ್ತೀನಿ."

ಬಂದಳು. ಬಂದು ಹೇಳಿದಳು. ಅವಳ ಮನಸ್ಸಿನದು, ಅಕ್ಕನ ಜೊತೆ ಆಡಿದ್ದು ಅಂತ ನಾನು ಮೇಲೆ ಬರೆದದ್ದೆಲ್ಲ ಆಗ ಅವಳು ಹೇಳಿದ್ದೇ.